ಬೆಟಗೇರಿಯ ತಮ್ಮನಿಗೆ, ರಾತ್ರಿ ಊಟದ ಬಗ್ಗೆ

ತಮ್ಮಾ, ಮ್ಯೂನಿಕ್‌ಗೆ ಬಂದು ಆರು ವಾರವಾಯಿತು, ಕೆಲಸ ಮುಗಿಸಿ ಮನೆ ಮುಟ್ಟುವಷ್ಟರಲ್ಲಿ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಮಾಂಸ ತಿನ್ನುವುದಿಲ್ಲ, ಬ್ರೆಡ್ಡು-ಜಾಮಿನಲ್ಲೇ ರಾತ್ರಿ ಕಳೆಯುತ್ತಿದ್ದೇನೆ, ಇಲ್ಲಿ ಬಾಳುವುದು ಹೇಗಕ್ಕಾ ಎಂದು ಕೇಳಿದ್ದೀಯ. ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ನಾನು ಧಾರವಾಡದ ಮಾಳಮಡ್ಡಿ ಬಿಟ್ಟು ಬಂದು ಹದಿನಾಲ್ಕು ವರ್ಷವಾಯಿತು. ವೀಸಾ, ಬಾಡಿಗೆ, ಭಾಷೆ ಇವುಗಳ ಬಗ್ಗೆ ಹೇಳುವವರು ನಿನಗೆ ಬಹಳ ಜನ ಸಿಗುತ್ತಾರೆ. ನಾನು ಊಟದ ಮಾತನ್ನಷ್ಟೇ ಹೇಳುತ್ತೇನೆ.

ಬವೇರಿಯಾದಲ್ಲಿ ಅಂಗಡಿಗಳು ರಾತ್ರಿ 8ಕ್ಕೆ ಮುಚ್ಚುತ್ತವೆ. ಭಾನುವಾರ ರೈಲು ನಿಲ್ದಾಣದಂತಹ ಕೆಲವು ಕಡೆ ಬಿಟ್ಟರೆ ತೆರೆಯುವುದೇ ಇಲ್ಲ. ಆದ್ದರಿಂದ ದಿನಾ ಸಂಜೆ ಹೊಸ ಅಡುಗೆ ಮಾಡುವ ಹಟ ಬೇಡ. ಒಮ್ಮೆ ಅನ್ನ, ಬೇಳೆ ಬೇಯಿಸಿದರೆ ಮರುದಿನದ ಊಟವೂ ಅದರಲ್ಲೇ ಇದೆ. ಅನ್ನವನ್ನು ಮಾತ್ರ ರಾತ್ರಿಯಿಡೀ ಒಲೆಯ ಮೇಲೆ ಬಿಡಬೇಡ. ಬೇಯಿಸಿದರೂ ಸಾಯದ ಸೂಕ್ಷ್ಮಾಣುಗಳು ಅದರಲ್ಲಿ ಇರಬಹುದು, ಹೀಟರ್ ಹಾಕಿದ ಕೋಣೆಯಲ್ಲಿ ಅವು ಬೇಗ ಹೆಚ್ಚುತ್ತವೆ. ಒಂದು ತಾಸಿನೊಳಗೆ ಅಗಲವಾದ ಡಬ್ಬಿಯಲ್ಲಿ ಹರವಿ ಫ್ರಿಜ್‌ನಲ್ಲಿಡು.

ಮೊನ್ನೆ ಮಂಗಳವಾರ ನನ್ನ ಫ್ರಿಜ್‌ನಲ್ಲಿದ್ದದ್ದು ಒಂದು ಬಟ್ಟಲು ಅನ್ನ, ಅರ್ಧ ನವಿಲುಕೋಸು, ಅಷ್ಟೇ. ನವಿಲುಕೋಸು ಇಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಎಳೆಯ ಎಲೆಗಳಿದ್ದರೆ ಅವನ್ನು ಕಿತ್ತು ಎಸೆಯಬೇಡ, ಅದೂ ಪಲ್ಯಕ್ಕೆ ಬರುತ್ತದೆ. ಎಣ್ಣೆಗೆ ಸಾಸಿವೆ, ಜೀರಿಗೆ ಹಾಕಿ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿಯ ಅಂಚು ಕೆಂಪಾಗುವವರೆಗೆ ಕಾದೆ. ತೆಳ್ಳಗೆ ಹೆಚ್ಚಿದ ಗಡ್ಡೆ, ಎಲೆ ಹಾಕಿ ಐದು ನಿಮಿಷ ಮುಚ್ಚಿಟ್ಟೆ. ಫ್ರಿಜ್‌ನ ಅನ್ನ ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಹೆದರಬೇಡ. ಬೆರಳಿನಿಂದ ಬಿಡಿಸಿ, ನೀರು ಚಿಮುಕಿಸಿ, ಹಬೆ ಬರುವವರೆಗೆ ಚೆನ್ನಾಗಿ ಬಿಸಿ ಮಾಡಿದರೆ ಅಗುಳು ಅಗುಳಾಗಿ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಎರಡು ಚಮಚ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಅರ್ಧ ಲಿಂಬೆ. ಹಿಂಡಿಯನ್ನು ಉರಿ ಆರಿಸಿದ ಮೇಲೆಯೇ ಹಾಕು, ಇಲ್ಲದಿದ್ದರೆ ಸೀದು ಕಹಿಯಾಗುತ್ತದೆ. ಕಾಲು ತಾಸಿನಲ್ಲಿ ತಟ್ಟೆ ಮುಂದಿತ್ತು.

ಇಲ್ಲಿನ ಹುಳಿ ರೈ ಬ್ರೆಡ್ ಕೆಲವು ದಿನ ಉಳಿದರೆ ಒಣಗುತ್ತದೆ. ತಂಗಳ ರೊಟ್ಟಿ ಮುರಿದು ಒಗ್ಗರಣೆ ಹಾಕುವುದನ್ನು ನಿಮ್ಮವ್ವನ ಕೈಯಲ್ಲಿ ನೋಡಿರಬೇಕಲ್ಲ, ಈ ಬ್ರೆಡ್ಡಿಗೂ ಅದೇ ಮಾಡು. ಉಳ್ಳಾಗಡ್ಡಿ ತುಸು ಹೆಚ್ಚಿರಲಿ. ಏನೂ ಉಳಿದಿಲ್ಲವೆಂದರೆ ಕಡಲೆ ಹಿಟ್ಟಿನ ಜುಣಕ ಇದ್ದೇ ಇದೆ.

ಇದೆಲ್ಲ ನಿಂತಿರುವುದು ಹಿಂಡಿಯ ಡಬ್ಬಿಯ ಮೇಲೆ. ಊರಿಗೆ ಹೋದಾಗ ಪೇಡೆ, ತುಪ್ಪ ಕಟ್ಟಿಸಿಕೊಳ್ಳಬೇಡ, ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರುವುದಕ್ಕೆ ಐರೋಪ್ಯ ಒಕ್ಕೂಟದಲ್ಲಿ ನಿರ್ಬಂಧವಿದೆ. ಹಸಿ ಕರಿಬೇವಿಗೂ ಪ್ರಮಾಣಪತ್ರ ಕೇಳುತ್ತಾರೆ. ಕಸ್ಟಮ್ಸ್‌ನವರು ಅದನ್ನು ಕಸದ ಬುಟ್ಟಿಗೆ ಹಾಕುವುದನ್ನು ನೋಡುವ ನೋವು ನಿನಗೆ ಬೇಡ. ಬ್ಯಾಡಗಿ ಮೆಣಸಿನಕಾಯಿಯ ಪುಡಿ ತಂದುಕೋ. ಬಣ್ಣ ತುಂಬ, ಖಾರ ಹದ. ಹಿಂಡಿಗೆ ಬೇಕಾದ ಅಗಸಿ ಬೀಜವನ್ನು ಮಾತ್ರ ಊರಿನಿಂದ ಹೊರಬೇಡ, ಇಲ್ಲಿ ಅದನ್ನು ‘ಲೈನ್‌ಸಾಮೆನ್’ ಎನ್ನುತ್ತಾರೆ, ಎಲ್ಲ ಅಂಗಡಿಗಳಲ್ಲೂ ಇದೆ. ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿದು, ಆರಿಸಿ, ಖಾರದ ಪುಡಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ತರಿತರಿಯಾಗಿ ಪುಡಿ ಮಾಡು. ರಾತ್ರಿ 10ರ ಮೇಲೆ ಮಿಕ್ಸರ್ ಬೇಡ, ಅದು ಇಲ್ಲಿ ಸದ್ದು ಮಾಡಬಾರದ ಹೊತ್ತು.

ಊರಿಗೆ ಹೋಗುವವರೆಗೆ ಕಾಯಬೇಕಾಗಿಲ್ಲ. ಈ ಶನಿವಾರ ಮನೆಗೆ ಬಾ. ನಮ್ಮವ್ವ ಕಳಿಸಿದ ಗುರೆಳ್ಳು ಹಿಂಡಿ ಇನ್ನೂ ಇದೆ, ಅರ್ಧ ನಿನಗೆ. ಖಾಲಿ ಡಬ್ಬಿ ತರುವುದನ್ನು ಮರೆಯಬೇಡ.