ಪ್ರತಿಕ್ರಿಯೆ: ಮೈಲುತುತ್ತ ಮತ್ತು ಹಳ್ಳದ ಮೀನು

ಶಿರಸಿಯ ನಿಮ್ಮ ಅಡಿಕೆ ತೋಟಕ್ಕೆ ಕೊಳೆರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣದಿಂದ (ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಮತ್ತು ಸುಣ್ಣದ ಮಿಶ್ರಣ) ಕೆಳಗಿನ ಹಳ್ಳದ ಮೀನುಗಳಿಗೆ ಅಪಾಯವಿದೆಯೇ, ಮೈಲುತುತ್ತದ ಸುರಕ್ಷತಾ ಪತ್ರದಲ್ಲಿರುವ ‘ಎಲ್‌ಸಿ 50’ ಅಂಕಿಯನ್ನು ನೆಚ್ಚಬಹುದೇ ಎಂದು ಕೇಳಿದ್ದೀರಿ. ಆ ಅಂಕಿ, ಸಾಮಾನ್ಯವಾಗಿ 96 ಗಂಟೆಗಳಲ್ಲಿ, ಪರೀಕ್ಷೆಗಿಟ್ಟ ಮೀನುಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಸಾಂದ್ರತೆ. ಅದಕ್ಕಿಂತ ಕಡಿಮೆಯಿದ್ದರೆ ಸುರಕ್ಷಿತವೆಂದು ಅರ್ಥವಲ್ಲ. ಮೊಟ್ಟೆ, ಮರಿಗಳ ಮೇಲಿನ ದೀರ್ಘಕಾಲದ ಪರಿಣಾಮವನ್ನು ಅದು ಹೇಳುವುದೇ ಇಲ್ಲ.

ತಾಮ್ರದ ವಿಷಯದಲ್ಲಿ ನೀರಿನ ಗುಣವೇ ಬಹುಮಟ್ಟಿಗೆ ನಿರ್ಣಾಯಕ. ಗಡಸು ನೀರಿನ ಕ್ಯಾಲ್ಸಿಯಂ, ತಾಮ್ರದ ಅಯಾನುಗಳು ಮೀನಿನ ಕಿವಿರಿಗೆ ಅಂಟಿಕೊಳ್ಳುವುದನ್ನು ತಕ್ಕಮಟ್ಟಿಗೆ ತಡೆಯುತ್ತದೆ. ನಮ್ಮ ಘಟ್ಟದ ಹಳ್ಳಗಳ ನೀರು ಮೆದುವಾದ್ದರಿಂದ, ಗಡಸು ನೀರಿನಲ್ಲಿ ಪಡೆದ ಅಂಕಿಯನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಿದರೆ ಅಪಾಯವನ್ನು ಕಡಿಮೆ ಅಂದಾಜಿಸಿದಂತಾಗುತ್ತದೆ. ಶೇ. 1ರ ದ್ರಾವಣದ ಒಂದು ಲೀಟರಿನಲ್ಲಿ ಸುಮಾರು 2,500 ಮಿಲಿಗ್ರಾಂ ತಾಮ್ರವಿರುತ್ತದೆ. ಸುಣ್ಣ ಅದರ ಬಹುಪಾಲನ್ನು ಕರಗದ ರೂಪಕ್ಕೆ ತರುತ್ತದೆ, ನಿಜ, ಆದರೂ ಡ್ರಮ್ ತೊಳೆದ ನೀರನ್ನು ದಯವಿಟ್ಟು ಬಸಿಗಾಲುವೆಗೆ ಬಿಡಬೇಡಿ.

ಪರೀಕ್ಷೆ ಮಾಡಿಸುವುದಾದರೆ, ಔಷಧಿ ಹೊಡೆದ ನಂತರದ ಮೊದಲ ದೊಡ್ಡ ಮಳೆಯಲ್ಲಿ, ಕಾಲುವೆ ಹಳ್ಳಕ್ಕೆ ಸೇರುವ ಜಾಗದ ಮೇಲೂ ಕೆಳಗೂ ನೀರು ಹಿಡಿದು, 0.45 ಮೈಕ್ರಾನ್ ಶೋಧಕದಲ್ಲಿ ಸೋಸಿ, ಕರಗಿದ ತಾಮ್ರದ ಜೊತೆಗೆ ಗಡಸುತನ, ಪಿಎಚ್ ಮತ್ತು ಕರಗಿದ ಸಾವಯವ ಇಂಗಾಲವನ್ನೂ ಅಳೆಸಿರಿ.