ಕಚೇರಿಯ ಕಂಪ್ಯೂಟರಿಗೆ ದೂರದಿಂದ ಸಂಪರ್ಕಿಸಿದಾಗಲೆಲ್ಲ ಕಾಣಿಸುವ ಸೂಚನೆಯನ್ನು ನಿಲ್ಲಿಸಬಹುದೇ?

ತೀರ್ಥಹಳ್ಳಿಯ ಮನೆಯಿಂದ ರಿಯಲ್‌ವಿಎನ್‌ಸಿ (ದೂರದ ಕಂಪ್ಯೂಟರಿನ ಪರದೆಯನ್ನು ನೋಡಿ ನಡೆಸುವ ತಂತ್ರಾಂಶ) ಮೂಲಕ ಶಿವಮೊಗ್ಗದ ಅಡಿಕೆ ಮಂಡಿಯ ಕಂಪ್ಯೂಟರನ್ನು ತೆರೆಯುತ್ತೀರಿ, ಮಳೆಗಾಲದಲ್ಲಿ ಲೈನ್ ಹೋಗಿ ಬರುವಾಗ ಅಲ್ಲಿನ ಪರದೆಯ ಮೂಲೆಯಲ್ಲಿ ಸಂಪರ್ಕದ ಸೂಚನೆ ಪದೇ ಪದೇ ಎದ್ದು ಗುಮಾಸ್ತರಿಗೆ ಕಿರಿಕಿರಿಯಾಗುತ್ತದೆ, ಅದನ್ನು ಪೂರ್ತಿ ನಿಲ್ಲಿಸುವುದು ಹೇಗೆ ಎಂದು ಕೇಳಿದ್ದೀರಿ. ಶಿವಮೊಗ್ಗದಲ್ಲಿ ಇಂತಹ ಕೆಲವು ಕಚೇರಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನಾಗಿ ಉತ್ತರಿಸುತ್ತಿದ್ದೇನೆ.

ನಿಲ್ಲಿಸಬಹುದು. ಬದಲಾವಣೆಯನ್ನು ಮಾತ್ರ ನಿಮ್ಮ ಮನೆಯಲ್ಲಿರುವ ವ್ಯೂವರ್‌ನಲ್ಲಲ್ಲ (ಪರದೆಯನ್ನು ನೋಡುವ ಭಾಗ), ಮಂಡಿಯ ಕಂಪ್ಯೂಟರಿನಲ್ಲಿರುವ ಸರ್ವರ್‌ನಲ್ಲಿ (ಪರದೆಯನ್ನು ತೋರಿಸುವ ಭಾಗ) ಮಾಡಬೇಕು. ಅದರ ಆಪ್ಷನ್ಸ್‌ನ ಎಕ್ಸ್‌ಪರ್ಟ್ ಪುಟದಲ್ಲಿ ‘ಕನ್‌ನೋಟಿಫೈಟೈಮ್‌ಔಟ್’ ಎಂಬ ನಿಯತಾಂಕವಿದೆ. ಸೂಚನೆ ಎಷ್ಟು ಸೆಕೆಂಡು ನಿಲ್ಲಬೇಕೆಂಬುದನ್ನು ನಿರ್ಧರಿಸುವ ಅದರಲ್ಲಿ ಮೊದಲೇ ಇರುವ ಅಂಕೆ 4. ಅದನ್ನು 0 ಮಾಡಿದರೆ ಸೂಚನೆ ಬರುವುದಿಲ್ಲ.

ಆದರೂ ಹಗಲು ಹೊತ್ತಿನಲ್ಲಿ ಅದನ್ನು 0 ಮಾಡಬೇಡಿ, 1 ಅಥವಾ 2ಕ್ಕೆ ಇಳಿಸಿ ಎಂಬುದು ನನ್ನ ಸಲಹೆ. ಆ ಸೂಚನೆ ಇರುವುದು ನಿಮಗಾಗಿ ಅಲ್ಲ, ಆ ಪರದೆಯ ಮುಂದೆ ಕುಳಿತವರಿಗಾಗಿ. ತಾವು ಬರೆಯುತ್ತಿರುವ ಲೆಕ್ಕವನ್ನು ಈಗ ಬೇರೊಬ್ಬರೂ ನೋಡುತ್ತಿದ್ದಾರೆ ಎಂಬುದು ಗುಮಾಸ್ತರಿಗೆ ತಿಳಿದಿರುವುದು ನ್ಯಾಯ. ನೋಡುತ್ತಿರುವವರು ಯಜಮಾನರೇ ಆದರೂ ಸರಿ.

ಸೂಚನೆ ಬೇರೆ, ಅನುಮತಿ ಬೇರೆ ಎಂಬುದನ್ನೂ ಗಮನಿಸಿ. ‘ಕ್ವೆರಿಕನೆಕ್ಟ್’ ಎಂಬ ಆಯ್ಕೆಯನ್ನು ಚಾಲೂ ಮಾಡಿದರೆ, ಕುಳಿತವರು ಒಪ್ಪಿದ ಮೇಲಷ್ಟೇ ಸಂಪರ್ಕ ಸಿಗುತ್ತದೆ. ಯಾರೂ ಉತ್ತರಿಸದಿದ್ದರೆ ಸಾಮಾನ್ಯವಾಗಿ ಅದು ತಿರಸ್ಕೃತವಾಗುತ್ತದೆ. ದೂರದಿಂದ ಸಂಪರ್ಕಿಸಲು ವಿಂಡೋಸ್‌ನಲ್ಲೇ ಇರುವ ರಿಮೋಟ್ ಡೆಸ್ಕ್‌ಟಾಪ್‌ನ ರೀತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಬೇರೊಬ್ಬ ಬಳಕೆದಾರರು ಲಾಗಿನ್ ಆಗಿದ್ದಾಗ ನೀವು ಒಳಬರಲು ಯತ್ನಿಸಿದರೆ ಅವರಿಗೆ ಒಂದು ಪ್ರಶ್ನೆ ಕಾಣಿಸುತ್ತದೆ, ಮತ್ತು 30 ಸೆಕೆಂಡಿನಲ್ಲಿ ಅವರು ಬೇಡವೆನ್ನದಿದ್ದರೆ ಅವರ ಪರದೆಯೇ ನಿಮಗೆ ದಾರಿ ಬಿಟ್ಟುಕೊಡುತ್ತದೆ. ಕಾಫಿಗೆಂದು ಎದ್ದುಹೋದವರು ಮರಳಿ ಬಂದಾಗ ಲಾಗಿನ್ ಪರದೆಯನ್ನು ಕಂಡು ಗಾಬರಿಯಾಗುವುದು ಇದರಿಂದಲೇ.

ಮಂಡಿ ಮುಚ್ಚಿದ ಮೇಲಿನ ಸಂಗತಿ ಬೇರೆ. ಯಾರೂ ಇಲ್ಲದ ಕೋಣೆಯಲ್ಲಿ ಮೂಲೆಯ ಸೂಚನೆ ಇದ್ದರೂ ಇಲ್ಲದಂತೆಯೇ, ಆದ್ದರಿಂದ ಆಗ ನಂಬಬೇಕಾದದ್ದು ದಾಖಲೆಯನ್ನು. ವಿಎನ್‌ಸಿ ಸರ್ವರ್ ತನ್ನ ಸಂಪರ್ಕಗಳನ್ನು ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ (ಕಂಪ್ಯೂಟರಿನ ಘಟನೆಗಳ ದಾಖಲೆ ತೋರಿಸುವ ಸಾಧನ) ಅಪ್ಲಿಕೇಶನ್ ಲಾಗ್‌ಗೆ ಬರೆಯುತ್ತದೆ, ಮತ್ತು ಪರದೆಯ ಸೂಚನೆಯನ್ನು ನಿಲ್ಲಿಸಿದರೂ ಈ ಬರವಣಿಗೆ ನಿಲ್ಲುವುದಿಲ್ಲ. ರಿಮೋಟ್ ಡೆಸ್ಕ್‌ಟಾಪ್ ಬಳಸುವವರಾದರೆ ಅದೇ ಈವೆಂಟ್ ವ್ಯೂವರ್‌ನಲ್ಲಿ ಟರ್ಮಿನಲ್‌ಸರ್ವಿಸಸ್-ಲೋಕಲ್‌ಸೆಷನ್‌ಮ್ಯಾನೇಜರ್‌ನ ಆಪರೇಷನಲ್ ಲಾಗ್ ನೋಡಬೇಕು. ಅಲ್ಲಿ ಪ್ರತಿ ಘಟನೆಗೂ ಒಂದು ಸಂಖ್ಯೆ ಇರುತ್ತದೆ: 21 ಎಂದರೆ ಹೊಸ ಲಾಗಿನ್, 24 ಎಂದರೆ ಸಂಪರ್ಕ ಕಡಿದದ್ದು, 25 ಎಂದರೆ ಇದ್ದ ಸೆಷನ್‌ಗೇ ಮರಳಿ ಸೇರಿದ್ದು. ನಮ್ಮ ಮಲೆನಾಡಿನವರಿಗೆ ಈ ವ್ಯತ್ಯಾಸ ಬಹಳ ಉಪಯುಕ್ತ, ಏಕೆಂದರೆ ಜುಲೈ ತಿಂಗಳ ಗಾಳಿಮಳೆಯಲ್ಲಿ 24 ಮತ್ತು 25 ಸಾಲುಸಾಲಾಗಿ ಕಾಣುವುದು ಸಹಜವಾದರೂ, ಯಾರೂ ಕೆಲಸ ಮಾಡದ ಹೊತ್ತಿನಲ್ಲಿ ಒಂದು 21 ಕಂಡರೆ ಅದನ್ನು ವಿಚಾರಿಸಲೇಬೇಕು. ಕೆಲಸಗಳನ್ನು ತಾನಾಗಿ ನಡೆಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಈ 21ಕ್ಕೆ ಮಾತ್ರ ಒಂದು ಕೆಲಸವನ್ನು ಜೋಡಿಸಿ ನಿಮಗೆ ಮಿಂಚಂಚೆ ಬರುವಂತೆ ಮಾಡಬಹುದು. ಅದರಲ್ಲೇ ಇರುವ ‘ಇಮೇಲ್ ಕಳುಹಿಸು’ ಎಂಬ ಕ್ರಿಯೆಯನ್ನು ಮೈಕ್ರೋಸಾಫ್ಟ್ ಕೈಬಿಟ್ಟಿರುವುದರಿಂದ, ವಿಂಡೋಸ್‌ನ ಆಜ್ಞಾಭಾಷೆಯಾದ ಪವರ್‌ಶೆಲ್‌ನ ಸಣ್ಣ ಸ್ಕ್ರಿಪ್ಟ್ ಒಂದನ್ನು ಬರೆಸಿಕೊಳ್ಳಬೇಕಾಗುತ್ತದೆ.

ಇನ್ನು ಪದೇ ಪದೇ ಸಂಪರ್ಕ ಕಡಿಯುವ ವಿಷಯ. ನಾನು ಕಂಡಂತೆ ಬಹಳ ಸಲ ಕಡಿದಿರುವುದು ಕೇಬಲ್ ಅಲ್ಲ. ಕ್ಷಣಕಾಲ ಕರೆಂಟು ಹೋಗಿ ರೂಟರ್ ಮೊದಲಿನಿಂದ ಚಾಲೂ ಆಗುತ್ತಿರುತ್ತದೆ. ಮನೆಯಲ್ಲೂ ಮಂಡಿಯಲ್ಲೂ ರೂಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ಹಾಕಿಸಿ ನೋಡಿ. ಕೊಳ್ಳುವ ಮುನ್ನ ಅದರ ವೋಲ್ಟೇಜ್ ನಿಮ್ಮ ರೂಟರಿನ ಅಡಾಪ್ಟರ್ ಮೇಲೆ ಬರೆದಿರುವುದಕ್ಕೆ ಹೊಂದುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಿ.