ಗರ್ಭ ಹೋದರೆ ಪೊಲೀಸ್ ಕೇಸಾಗುತ್ತಾ?

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕದವಳು, ಗೇರುಬೀಜ ಫ್ಯಾಕ್ಟರಿಯಲ್ಲಿ ಕೆಲಸ. ಮೂರನೇ ತಿಂಗಳಲ್ಲಿ ತಾನಾಗಿಯೇ ಗರ್ಭ ಹೋಯಿತು. ರಕ್ತ ನಿಂತಿಲ್ಲ. ಅಮೆರಿಕದಲ್ಲಿ ಹೀಗಾದ ಕರಿಯ ಹೆಂಗಸಿನ ಮೇಲೆ ಕೇಸಾಯಿತಂತೆ. ಆಸ್ಪತ್ರೆಗೆ ಹೋಗಲು ಹೆದರಿಕೆ.

ಉತ್ತರ: ತಂಗೀ, ಇವತ್ತೇ ಹೋಗಿ. ತಾನಾಗಿ ಗರ್ಭ ಹೋಗುವುದು ನಮ್ಮಲ್ಲಿ ಅಪರಾಧವಲ್ಲ. ಗಂಟೆಗೆ ಎರಡು ಪ್ಯಾಡ್ ತೊಯ್ದರೆ, ಜ್ವರ ಬಂದರೆ ನಡುರಾತ್ರಿಯಾದರೂ ಹೊರಡಿ. ಡಾಕ್ಟರ್ ಮಲಯಾಳದಲ್ಲಿ ಹೇಳಿದ್ದು ಅರ್ಥವಾಗದಿದ್ದರೆ ಕನ್ನಡ ಬಲ್ಲ ನರ್ಸನ್ನು ಕರೆಸಿ, ಸಂಕೋಚ ಬೇಡ.

ನೀವು ಕೇಳಿದ್ದು ಅಮೆರಿಕದ ಒಹಾಯೋ ರಾಜ್ಯದ 2023ರ ಘಟನೆ. ಮನೆಯ ಶೌಚಾಲಯದಲ್ಲಿ ಐದು ತಿಂಗಳ ಗರ್ಭ ಕಳೆದುಕೊಂಡವಳ ಮೇಲೆಯೇ ಕೇಸು! 2024ರ ಜನವರಿಯಲ್ಲಿ ಗ್ರ್ಯಾಂಡ್ ಜ್ಯೂರಿ (ಕೇಸು ನಡೆಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಅದನ್ನು ಕೈಬಿಟ್ಟಿತು. ಅಮೆರಿಕದಲ್ಲಿ ಬಸುರಿ, ಬಾಣಂತಿಯರ ಸಾವು ಬಿಳಿಯರಿಗಿಂತ ಕರಿಯರಲ್ಲಿ ಸುಮಾರು ಮೂರು ಪಟ್ಟು ಜಾಸ್ತಿ. ಇದು ಅನ್ಯಾಯ ಅಲ್ವಾ?

ಆಸ್ಪತ್ರೆಯ ಚೀಟಿ ಜೋಪಾನ. ಅದನ್ನು ತೋರಿಸಿ ಫ್ಯಾಕ್ಟರಿಯಲ್ಲಿ 6 ವಾರದ ಸಂಬಳದ ರಜೆ ಕೇಳಿ.